ಮೊಹರಿಗೆ ಓಡುವ ಮೊದಲು ಕಾಗದ ಓದಿ

ಮಾನ್ಯ ಸಂಪಾದಕರೇ,

ವಿದೇಶದ ಓದು, ನೌಕರಿ, ಹೆಂಡತಿ ಮಕ್ಕಳ ವೀಸಾ ಎಂದು ಕಾಗದಪತ್ರಗಳಿಗೆ ಅಪೋಸ್ಟಿಲ್ (ಹೊರದೇಶದಲ್ಲಿ ಒಪ್ಪಿಗೆಯಾಗಲೆಂದು ನಮ್ಮ ವಿದೇಶಾಂಗ ಸಚಿವಾಲಯ ಅಂಟಿಸಿಕೊಡುವ ದೃಢೀಕರಣದ ಸ್ಟಿಕ್ಕರ್) ಮಾಡಿಸಲು ಓಡಾಡುವವರಲ್ಲಿ ಬಹಳಷ್ಟು ಜನ ಕೆಲಸವನ್ನು ತಲೆಕೆಳಗಾಗಿ ಶುರುಮಾಡುತ್ತಾರೆ. ಮೊದಲು ಏಜೆಂಟರನ್ನು ಹುಡುಕುತ್ತಾರೆ, ಆಮೇಲೆ ದುಡ್ಡು ಕೊಡುತ್ತಾರೆ. ಕಾಗದದಲ್ಲಿ ಏನು ಬರೆದಿದೆ ಎಂದು ನೋಡುವುದು ಕಟ್ಟಕಡೆಗೆ, ಅದೂ ಅಲ್ಲಿನ ಕಚೇರಿ ವಾಪಸು ಕಳಿಸಿದ ಮೇಲೆ. ಆ ಹೊತ್ತಿಗೆ ಸ್ಟಿಕ್ಕರ್ ಅಂಟಿದ ಕಾಗದ ಕೈಯಲ್ಲಿರುತ್ತದೆ, ಪ್ರಯೋಜನಕ್ಕೆ ಬರುವುದಿಲ್ಲ. ತಿದ್ದಿದ ಹೊಸ ಪ್ರತಿ ತೆಗೆಸಿ ಮತ್ತೆ ಮೊದಲಿನಿಂದ ಹೊರಡಬೇಕು.

ಅಪೋಸ್ಟಿಲ್ ಎಂದರೆ ಏನನ್ನು ದೃಢೀಕರಿಸುತ್ತದೆ ಎಂಬುದು ಆ ಸ್ಟಿಕ್ಕರನ್ನೇ ಓದಿದರೆ ತಿಳಿಯುತ್ತದೆ. ತಲೆಯ ಮೇಲೆ ಫ್ರೆಂಚಿನಲ್ಲಿ 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದದ ಉಲ್ಲೇಖ, ಅದರ ಕೆಳಗೆ ಹತ್ತು ಸಾಲು. ಒಂದನೆಯದು ದೇಶ. ಎರಡನೆಯದು ಸಹಿ ಮಾಡಿದವರು ಯಾರು, ಮೂರನೆಯದು ಅವರ ಹುದ್ದೆ, ನಾಲ್ಕನೆಯದು ಯಾವ ಕಚೇರಿಯ ಮೊಹರು. ಆಮೇಲೆ ಊರು, ದಿನಾಂಕ, ಕೊಟ್ಟವರು, ಕ್ರಮಸಂಖ್ಯೆ, ಕೊನೆಗೆ ಮೊಹರು ಮತ್ತು ಸಹಿ. ಹುಟ್ಟಿದ ದಿನ ಸರಿಯಿದೆ, ಅಪ್ಪನ ಹೆಸರು ಸರಿಯಿದೆ, ಅಂಕಗಳು ನಿಜ ಎಂದು ಹೇಳುವ ಸಾಲು ಈ ಹತ್ತರಲ್ಲಿ ಒಂದೂ ಇಲ್ಲ. ಎರಡನೆಯ ಸಾಲಿನಲ್ಲಿ ಸಾಮಾನ್ಯವಾಗಿ ಬರುವುದು ನಿಮ್ಮೂರಿನ ಜನನ ನೋಂದಣಾಧಿಕಾರಿಯ ಹೆಸರೂ ಅಲ್ಲ, ಅವರ ಸಹಿಯನ್ನು ಗುರುತಿಸಿ ಮೊಹರು ಹಾಕಿದ ರಾಜ್ಯ ಸರ್ಕಾರದ ಅಧಿಕಾರಿಯದು. ಮೇಲಿನ ಕಚೇರಿ ಕೆಳಗಿನ ಕಚೇರಿಯ ಸಹಿಯನ್ನಷ್ಟೇ ನೋಡುತ್ತದೆ. ಒಳಗಿನ ತಪ್ಪು ಎಲ್ಲ ಮೊಹರುಗಳನ್ನೂ ದಾಟಿ ಹಾಗೆಯೇ ವಿಮಾನ ಹತ್ತುತ್ತದೆ.

ಹಾಗಾಗಿ ಮೊದಲ ಪ್ರಶ್ನೆ ‘ಎಷ್ಟು ಖರ್ಚು’ ಎಂಬುದಲ್ಲ, ‘ಯಾವ ದೇಶ, ಕೇಳಿದವರು ಯಾರು’ ಎಂಬುದು. ಸದಸ್ಯ ದೇಶಗಳು ಪರಸ್ಪರರ ಅಪೋಸ್ಟಿಲ್ ಒಪ್ಪಿಕೊಳ್ಳುವ ಹೇಗ್ ಒಪ್ಪಂದಕ್ಕೆ ಭಾರತ 2004ರಲ್ಲಿ ಸೇರಿತು, 2005ರ ಜುಲೈ 14ರಿಂದ ಅದು ನಮಗೆ ಜಾರಿಯಲ್ಲಿದೆ. ಒಮಾನ್, ಬಹರೇನ್ ಹಿಂದೆಯೇ ಸದಸ್ಯ ದೇಶಗಳು. ಸಿಂಗಪುರಕ್ಕೆ 2021ರ ಸೆಪ್ಟೆಂಬರಿನಿಂದ, ಸೌದಿ ಅರೇಬಿಯಕ್ಕೆ 2022ರ ಡಿಸೆಂಬರಿನಿಂದ, ಕೆನಡಾಕ್ಕೆ 2024ರ ಜನವರಿಯಿಂದ ಒಪ್ಪಂದ ಅನ್ವಯವಾಗುತ್ತಿದೆ. ಈ ದೇಶಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಆದರೆ ಸಾಕು, ರಾಯಭಾರ ಕಚೇರಿಯ ಮೊಹರು ಬೇಡ. ಆದರೂ ಅಲ್ಲಿನ ಕೆಲವು ಕಂಪನಿಗಳ ಎಚ್‌ಆರ್ ವಿಭಾಗದವರು ಹಳೆಯ ಪಟ್ಟಿಯನ್ನೇ ಇಟ್ಟುಕೊಂಡು ‘ಎಂಬಸಿ ಅಟೆಸ್ಟೇಷನ್’ ಕೇಳುತ್ತಾರೆ, ಇಲ್ಲಿನ ಏಜೆಂಟರು ಅದಕ್ಕೂ ಸೇರಿಸಿ ಬಿಲ್ಲು ಮಾಡುತ್ತಾರೆ. ಕೇಳಿದವರಿಂದ ಇಮೇಲಿನಲ್ಲಿ ಸ್ಪಷ್ಟ ಉತ್ತರ ತರಿಸಿಕೊಳ್ಳಿ.

ಯುಎಇ, ಕತಾರ್, ಕುವೈತ್ ಈ ಒಪ್ಪಂದದ ಹೊರಗಿವೆ. ಅಲ್ಲಿಗೆ ಹೋಗುವ ಕಾಗದಕ್ಕೆ ಸಚಿವಾಲಯದ ಸಾಮಾನ್ಯ ಅಟೆಸ್ಟೇಷನ್, ಅದರ ಮೇಲೆ ಆ ದೇಶದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನ ಮೊಹರು, ಕೊನೆಗೆ ಅಲ್ಲಿ ಇಳಿದ ಮೇಲೆ ಅವರ ವಿದೇಶಾಂಗ ಸಚಿವಾಲಯದ ದೃಢೀಕರಣ. ಯುಎಇಯಲ್ಲಿ ಈ ಕೊನೆಯ ಹಂತಕ್ಕೇ ವೈಯಕ್ತಿಕ ಕಾಗದ ಒಂದಕ್ಕೆ 150 ದಿರ್ಹಮ್. ಮನೆಯ ನಾಲ್ಕು ಜನರ ಕಾಗದ ಎಂದರೆ ಲೆಕ್ಕ ನೀವೇ ಹಾಕಿಕೊಳ್ಳಿ. ದಾದಿಯರು, ಲ್ಯಾಬ್ ತಂತ್ರಜ್ಞರು ಇನ್ನೊಂದು ವಿಷಯ ಗಮನಿಸಬೇಕು: ಗಲ್ಫ್ ದೇಶಗಳ ಆರೋಗ್ಯ ಇಲಾಖೆಗಳು ಲೈಸೆನ್ಸ್ ಕೊಡುವ ಮುನ್ನ ಡೇಟಾಫ್ಲೋದಂಥ ಸಂಸ್ಥೆಯ ಮೂಲಕ ನೇರ ಕಾಲೇಜಿಗೂ ನರ್ಸಿಂಗ್ ಕೌನ್ಸಿಲಿಗೂ ಬರೆದು ಪರಿಶೀಲಿಸುತ್ತವೆ. ಅದು ಬೇರೆ ದಾರಿ, ಅಟೆಸ್ಟೇಷನ್ ಬೇರೆ. ಒಂದು ಮುಗಿಯಿತೆಂದು ಇನ್ನೊಂದು ತಪ್ಪುವುದಿಲ್ಲ.

ಅಮೆರಿಕದ ವಲಸೆ ಅರ್ಜಿಗೆ ಜನನ ಪ್ರಮಾಣಪತ್ರದ ಮೇಲೆ ಅಪೋಸ್ಟಿಲ್ ಬೇಕಿಲ್ಲ. ಆದರೂ ‘ಇರಲಿ ಬಿಡಿ, ಸೇಫು’ ಎಂದು ಮಾಡಿಸುವವರಿದ್ದಾರೆ. ಮಾಡಿಸಿದರೆ ತೊಂದರೆಯೇನಿಲ್ಲ, ದುಡ್ಡು ಮತ್ತು ದಿನ ಹೋಗುತ್ತವೆ ಅಷ್ಟೆ.

ಜರ್ಮನಿಯದು ವಿಚಿತ್ರ. ಅದೂ ಸದಸ್ಯ ದೇಶ, ನಾವೂ ಸದಸ್ಯರು. ಆದರೆ ಭಾರತ ಸೇರಿದಾಗ ಜರ್ಮನಿ ಆಕ್ಷೇಪ ಸಲ್ಲಿಸಿದ್ದರಿಂದ ನಮ್ಮಿಬ್ಬರ ನಡುವೆ ಅಪೋಸ್ಟಿಲ್ ನಡೆಯುವುದಿಲ್ಲ. ಅಲ್ಲಿ ಮದುವೆ ನೋಂದಣಿಗೋ ಪೌರತ್ವಕ್ಕೋ ಭಾರತದ ಜನನ, ವಿವಾಹ ಪತ್ರ ಕೊಟ್ಟರೆ, ಅಲ್ಲಿನ ಕಚೇರಿ ಬೇಕೆನಿಸಿದಾಗ ಇಲ್ಲಿರುವ ತಮ್ಮ ದೂತಾವಾಸದ ಮೂಲಕ ಪರಿಶೀಲನೆ ಮಾಡಿಸುತ್ತದೆ. ದೂತಾವಾಸ ನೇಮಿಸಿದ ವಕೀಲರು ನಿಮ್ಮ ಪತ್ರ ಹೊರಟ ಕಚೇರಿಗೇ ಹೋಗಿ ಮೂಲ ರಿಜಿಸ್ಟರಿನ ದಾಖಲೆಯನ್ನು ತಾಳೆ ನೋಡುತ್ತಾರೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಖರ್ಚು ಅರ್ಜಿದಾರರದು. ಓದಲು ಹೋಗುವ ವಿದ್ಯಾರ್ಥಿಗಳಿಗೆ 2022ರ ನವೆಂಬರಿನಿಂದ ಎಪಿಎಸ್ (ಓದಿನ ದಾಖಲೆಗಳನ್ನು ಪರಿಶೀಲಿಸುವ ಜರ್ಮನಿಯ ಕೇಂದ್ರ) ಪ್ರಮಾಣಪತ್ರ ಕಡ್ಡಾಯವಾಗಿದೆ. ಇದು ಗೊತ್ತಿಲ್ಲದೆ ಜರ್ಮನಿಗೆಂದು ಡಿಗ್ರಿಯ ಬೆನ್ನಿಗೆ ಸ್ಟಿಕ್ಕರ್ ಅಂಟಿಸಿಕೊಂಡು ಹೋಗುವವರು ಈಗಲೂ ಇದ್ದಾರೆ, ಅಂಟಿಸಿಕೊಡುವ ಏಜೆಂಟರೂ ಇದ್ದಾರೆ.

ಇನ್ನು ಕಾಗದದ ಒಳಗೆ ಬರೋಣ. ನಮ್ಮ ರಾಜ್ಯದ ಹಳೆಯ ಜನನ ಪತ್ರಗಳಲ್ಲಿ ಅತಿ ಹೆಚ್ಚು ಕಾಡುವುದು ಹೆಸರಿನ ಖಾಲಿ ಅಂಕಣ. ಆಸ್ಪತ್ರೆಯವರು ಹೆರಿಗೆಯಾದ ಕೆಲ ದಿನಕ್ಕೇ ವರದಿ ಕಳಿಸಿರುತ್ತಾರೆ, ನಾಮಕರಣ ಆಮೇಲೆ ನಡೆದಿರುತ್ತದೆ. ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ, ಲಿಂಗದ ಮುಂದೆ ‘ಗಂಡು’, ತಂದೆಯ ಹೆಸರು ಇನಿಷಿಯಲ್ ಇಲ್ಲದೆ ‘ರಾಮಣ್ಣ’, ತಾಯಿಯ ಹೆಸರು ಮನೆಯಲ್ಲಿ ಕರೆಯುವ ‘ಪುಟ್ಟಮ್ಮ’. ಇಂಥ ಪತ್ರಕ್ಕೂ ಅಪೋಸ್ಟಿಲ್ ಆಗುತ್ತದೆ, ಆದರೆ ಅದು ಅರ್ಜಿದಾರನದೇ ಎಂದು ನಂಬುವ ವೀಸಾ ಅಧಿಕಾರಿ ಸಿಗುವುದಿಲ್ಲ. ಜನನ ಮರಣ ನೋಂದಣಿ ಕಾಯ್ದೆ, 1969ರ 14ನೇ ಕಲಂ ಪ್ರಕಾರ ಹೆಸರನ್ನು ಆಮೇಲೂ ಸೇರಿಸಬಹುದು. ಒಂದು ವರ್ಷದೊಳಗೆ ಶುಲ್ಕವಿಲ್ಲ, ಆನಂತರ ತಡಶುಲ್ಕ ಕಟ್ಟಿ 15 ವರ್ಷದವರೆಗೆ. ಅದಕ್ಕೂ ಹಳೆಯದಾದರೆ ಆ ವೇಳೆಗೆ ಯಾವ ಸುತ್ತೋಲೆ ಚಾಲ್ತಿಯಲ್ಲಿದೆಯೋ ಅದನ್ನು ನೋಂದಣಾಧಿಕಾರಿಯ ಬಳಿಯೇ ವಿಚಾರಿಸಬೇಕು. ಅಕ್ಷರದೋಷ, ತಪ್ಪು ತಾರೀಖಿಗೆ 15ನೇ ಕಲಂ ಇದೆ: ಮೂಲ ನಮೂದನ್ನು ಅಳಿಸದೆ ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ ಹಾಕುತ್ತಾರೆ. ನೋಂದಣಿಯೇ ಆಗಿಲ್ಲವೆಂದರೆ, ಒಂದು ವರ್ಷ ದಾಟಿದ ಜನನಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಅಂದಿನಿಂದ ಹುಟ್ಟಿದವರಿಗೆ ಶಾಲೆ ಸೇರಲೂ ಪಾಸ್‌ಪೋರ್ಟಿಗೂ ಜನನ ಪತ್ರವೇ ಆಧಾರ. ಈಗಿನ ತಂದೆತಾಯಿಯರು ಹೆಸರು ಸೇರಿಸುವ ಕೆಲಸವನ್ನು ಮುಂದಕ್ಕೆ ಹಾಕಬಾರದು.

ಹೆಸರಿನ ಸ್ಪೆಲ್ಲಿಂಗು ಮತ್ತು ಇನಿಷಿಯಲ್ ಇನ್ನೊಂದು ಗೋಳು. ಜನನ ಪತ್ರದಲ್ಲಿ ‘ಮಂಜುನಾಥ’, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಎಚ್.ಎಸ್.’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ‘ಹೊಸಹಳ್ಳಿ ಶಿವಣ್ಣ ಮಂಜುನಾಥ’. ನಮಗೆ ಇವು ಒಂದೇ. ಮನೆತನದ ಹೆಸರಿಟ್ಟು ರೂಢಿಯಿರುವ ದೇಶದ ಗುಮಾಸ್ತನಿಗೆ ಮೂವರು ಬೇರೆ ಬೇರೆ ಮನುಷ್ಯರು. ಸೌಮ್ಯ ಎಂಬ ಹೆಸರಿಗೆ ಒಂದು ಕಡೆ ‘ಒ ಯು’, ಇನ್ನೊಂದು ಕಡೆ ‘ಒ ಡಬ್ಲ್ಯು’. ಲಕ್ಷ್ಮಿಗೆ ಶಾಲೆಯಲ್ಲಿ ‘ಕೆ ಎಸ್ ಎಚ್’, ಆಧಾರಿನಲ್ಲಿ ‘ಎಕ್ಸ್’. ‘ಇವರೆಲ್ಲ ನಾನೇ’ ಎಂಬ ಅಫಿಡವಿಟ್ ಮಾಡಿಸಿ ನೋಟರಿ ಹಾಕಿಸುವುದು ಇಲ್ಲಿ ಬ್ಯಾಂಕಿಗೆ ನಡೆದೀತು. ಅದು ನಿಮ್ಮದೇ ಹೇಳಿಕೆಯಾದ್ದರಿಂದ ಹೊರದೇಶದಲ್ಲಿ ಅಷ್ಟಾಗಿ ತೂಗುವುದಿಲ್ಲ. ಯಾವುದನ್ನು ಯಾವುದಕ್ಕೆ ಹೊಂದಿಸಬೇಕು ಎಂಬುದರಲ್ಲೂ ಜನ ಎಡವುತ್ತಾರೆ. ಪಿಯುಸಿ, ಡಿಗ್ರಿ ಎಲ್ಲವೂ ಎಸ್ಸೆಸ್ಸೆಲ್ಸಿ ಕಾರ್ಡಿನ ಹೆಸರನ್ನೇ ಹಿಡಿದು ಬಂದಿರುತ್ತವೆ. ಅವನ್ನೆಲ್ಲ ತಿದ್ದಿಸುವುದಕ್ಕಿಂತ ಪಾಸ್‌ಪೋರ್ಟನ್ನೂ ಜನನ ಪತ್ರವನ್ನೂ ಅದಕ್ಕೆ ಹೊಂದಿಸುವುದು ಸುಲಭ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂಕಣವನ್ನು ಖಾಲಿ ಬಿಟ್ಟು ಒಂದೇ ಹೆಸರು ಬರೆಸಿದವರಿಗೆ ಯುಎಇ 2022ರ ನವೆಂಬರಿನಿಂದ ಪ್ರವಾಸಿ ವೀಸಾದಲ್ಲಿ ಪ್ರವೇಶ ನಿರಾಕರಿಸುತ್ತಿದೆ ಎಂಬುದೂ ನೆನಪಿರಲಿ.

ಮದುವೆಯ ವಿಷಯದಲ್ಲಿ ಛತ್ರದ ರಸೀದಿ, ದೇವಸ್ಥಾನದ ಪತ್ರ, ಲಗ್ನಪತ್ರಿಕೆ, ಯಾವುದೂ ಅಪೋಸ್ಟಿಲ್‌ಗೆ ಬರುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ವಿವಾಹ ನೋಂದಣಿ ಪತ್ರವೇ ಬೇಕು. ಅದರಲ್ಲಿ ವಧುವಿನ ಹೆಸರು ಮದುವೆಗೆ ಮುಂಚಿನದೇ ಇರುತ್ತದೆ, ಅದು ಸರಿಯೇ, ಅದನ್ನು ತಿದ್ದಿಸಲು ಹೋಗಬೇಡಿ. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿಸಿದರೆ ಕೊಂಡಿ ಕೂಡುತ್ತದೆ.

ಕಾಗದ ಸರಿಯಾದ ಮೇಲಷ್ಟೇ ಮೊಹರಿನ ಕೆಲಸ. ಜನನ, ಮರಣ, ವಿವಾಹ ಪತ್ರ, ಅಫಿಡವಿಟ್, ಪವರ್ ಆಫ್ ಅಟಾರ್ನಿ ಎನ್ನುವ ಮುಖ್ತಾರ್‌ನಾಮೆ, ಇವು ಬೆಂಗಳೂರಿನಲ್ಲಿ ರಾಜ್ಯದ ಗೃಹ ಇಲಾಖೆಯಲ್ಲಿ ದೃಢೀಕರಣವಾಗಬೇಕು. ಅಫಿಡವಿಟ್, ಮುಖ್ತಾರ್‌ನಾಮೆಗಳಿಗೆ ಅದಕ್ಕೂ ಮೊದಲು ನೋಟರಿ. ಶೈಕ್ಷಣಿಕ ಪತ್ರಗಳಿಗೆ ಮೊದಲು ಮಂಡಳಿ ಅಥವಾ ವಿಶ್ವವಿದ್ಯಾಲಯದ ನೈಜತೆ ಪರಿಶೀಲನೆ, ಆಮೇಲೆ ರಾಜ್ಯದ ಶಿಕ್ಷಣ ಇಲಾಖೆ. ಈ ಹಂತದಲ್ಲಿ ಕೆಲಸ ಕೆಡುವುದು ಸಹಿಯ ದೆಸೆಯಿಂದ. ಮೇಲಿನ ಕಚೇರಿಯಲ್ಲಿ ಕೆಳಗಿನ ಅಧಿಕಾರಿಯ ಮಾದರಿ ಸಹಿ ಇರಬೇಕು. 1990ರ ದಶಕದಲ್ಲಿ ಕೊಟ್ಟ ಪತ್ರಕ್ಕೆ ಸಹಿ ಹಾಕಿದವರು ನಿವೃತ್ತರಾಗಿ ಎಷ್ಟೋ ಕಾಲವಾಗಿರುತ್ತದೆ. ಕೆಲವು ಪತ್ರಗಳಲ್ಲಿ ಸಹಿಯ ಕೆಳಗೆ ಹೆಸರೇ ಇರುವುದಿಲ್ಲ, ಒಂದು ಗೀಚು ಮತ್ತು ಅರ್ಧ ಮೂಡಿದ ಗೋಲ ಮೊಹರು. ಹಳೆಯದನ್ನು ಹಿಡಿದು ವಾದ ಮಾಡುವ ಬದಲು ಈಗಿನ ಅಧಿಕಾರಿಯಿಂದ ಹೊಸ ಪ್ರತಿ ತೆಗೆಸಿ, ಹೆಸರು, ಹುದ್ದೆ, ಮೊಹರು ಮೂರೂ ಓದಲು ಬರುವಂತೆ ಹಾಕಿಸಿಕೊಳ್ಳಿ. ಡಿಜಿಟಲ್ ಸಹಿಯ ಪ್ರಿಂಟ್ ಆದರೂ ಅದರ ಮೇಲೆ ಶಾಯಿಯ ಸಹಿ ಮೊಹರು ಇದ್ದರೆ ತಕರಾರು ಕಡಿಮೆ. ಯುರೋಪಿನ ಹಲವು ಕಚೇರಿಗಳು ಆರು ತಿಂಗಳಿಗಿಂತ ಹಳೆಯ ಪ್ರತಿಯನ್ನು ಒಪ್ಪುವುದಿಲ್ಲವಾದ್ದರಿಂದ ಹೊಸ ಪ್ರತಿ ಹೇಗೂ ಬೇಕಾಗುತ್ತದೆ.

ಪತ್ರ ಯಾವ ರಾಜ್ಯದಲ್ಲಿ ಹುಟ್ಟಿತೋ ಆ ರಾಜ್ಯದ ದೃಢೀಕರಣವೇ ಆಗಬೇಕು. ಮುಂಬೈಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೆಳೆದವರ ಜನನ ಪತ್ರಕ್ಕೆ ಮಹಾರಾಷ್ಟ್ರ, ಕಾಸರಗೋಡಿನವರದಕ್ಕೆ ಕೇರಳ. ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ಅವಸರದವರಿಗೆ ಏಜೆಂಟರು ದೆಹಲಿಯ ಉಪವಿಭಾಗಾಧಿಕಾರಿಯ, ಅಂದರೆ ಎಸ್‌ಡಿಎಂ ಮೊಹರಿನ ಅಡ್ಡದಾರಿ ತೋರಿಸುತ್ತಾರೆ. ಅದರ ಮೇಲೂ ಅಪೋಸ್ಟಿಲ್ ಆಗುವುದುಂಟು. ಆದರೆ ಡಿಗ್ರಿಗೆ ರಾಜ್ಯದ ಶಿಕ್ಷಣ ಇಲಾಖೆಯದೇ ಮೊಹರು ಬೇಕೆಂದು ಪಟ್ಟು ಹಿಡಿಯುವ ಉದ್ಯೋಗದಾತರೂ ರಾಯಭಾರ ಕಚೇರಿಗಳೂ ಇವೆ. ಅಲ್ಲಿ ತಿರಸ್ಕಾರವಾದರೆ ಎರಡು ಸಲದ ಖರ್ಚು. ಎಂಟು ಸೆಮಿಸ್ಟರಿನ ಎಂಟು ಮಾರ್ಕ್ಸ್ ಕಾರ್ಡಿಗೆ ಎಂಟು ಶುಲ್ಕ ಕಟ್ಟುವ ಬದಲು ಎಲ್ಲ ಸೆಮಿಸ್ಟರುಗಳ ಅಂಕ ಒಟ್ಟಾಗಿರುವ ಒಂದೇ ಕಾರ್ಡು ಸಾಕೇ ಎಂದು ಕೇಳಿಕೊಳ್ಳುವುದೂ ಒಳ್ಳೆಯದು. ಸಿಬಿಎಸ್‌ಇಯವರಿಗೆ ಸಚಿವಾಲಯದ ಇ-ಸನದ್ ಎಂಬ ಆನ್‌ಲೈನ್ ದಾರಿ 2017ರಿಂದ ಇದೆ.

ಪೊಲೀಸ್ ಕ್ಲಿಯರೆನ್ಸ್ ಪತ್ರದಲ್ಲಿ ಒಂದು ಗೊಂದಲವಿದೆ. ಸೇವಾ ಸಿಂಧುವಿನಲ್ಲಿ ರಾಜ್ಯ ಪೊಲೀಸರು ಕೊಡುವುದು ಇಲ್ಲಿನ ನೌಕರಿಗೆ. ಹೊರದೇಶಕ್ಕೆ ಬೇಕಾದದ್ದು ಪಾಸ್‌ಪೋರ್ಟ್ ಸೇವಾ ಮೂಲಕ ಪಾಸ್‌ಪೋರ್ಟ್ ಕಚೇರಿ ಕೊಡುವ ಪಿಸಿಸಿ, ಶುಲ್ಕ 500 ರೂಪಾಯಿ. ಅದರಲ್ಲಿ ದೇಶದ ಹೆಸರು ಅಚ್ಚಾಗಿರುತ್ತದೆ, ಕೆನಡಾಕ್ಕೆ ತೆಗೆಸಿದ್ದು ನ್ಯೂಜಿಲೆಂಡಿಗೆ ಬಾರದು. ಅದು ಕೇಂದ್ರದ್ದೇ ಪತ್ರವಾದ್ದರಿಂದ ಅಪೋಸ್ಟಿಲ್‌ಗೆ ಗೃಹ ಇಲಾಖೆಯ ಮೊಹರು ಬೇಕಿಲ್ಲ. ಹಾಗೆಯೇ, ಹೊರದೇಶದ ಭಾರತೀಯ ರಾಯಭಾರ ಕಚೇರಿ ಕೊಟ್ಟ ಪತ್ರಗಳಿಗೆ ಅಪೋಸ್ಟಿಲ್ ಅನ್ವಯವೇ ಆಗುವುದಿಲ್ಲ. ಒಪ್ಪಂದದ ಒಂದನೇ ವಿಧಿಯೇ ಅವನ್ನು ಹೊರಗಿಟ್ಟಿದೆ.

ಕೊನೆಯ ಹಂತದ ಬಗ್ಗೆ ಜನರಲ್ಲಿ ಇರುವ ಭಯ ಅನಗತ್ಯ. ವಿದೇಶಾಂಗ ಸಚಿವಾಲಯ 2012ರಿಂದ ಕಾಗದಗಳನ್ನು ವ್ಯಕ್ತಿಗಳಿಂದ ನೇರವಾಗಿ ತೆಗೆದುಕೊಳ್ಳುತ್ತಿಲ್ಲ, ತಾನು ನೇಮಿಸಿದ ಏಜೆನ್ಸಿಗಳ ಮೂಲಕವೇ ತೆಗೆದುಕೊಳ್ಳುತ್ತದೆ. 2019ರಿಂದ ಈ ಕೆಲಸ ಬೆಂಗಳೂರಿನ ಪಾಸ್‌ಪೋರ್ಟ್ ಕಚೇರಿಯಲ್ಲೇ ನಡೆಯುತ್ತದೆ. ಅಪೋಸ್ಟಿಲ್‌ಗೆ ಸರ್ಕಾರದ ಶುಲ್ಕ ಕಾಗದಕ್ಕೆ 50 ರೂಪಾಯಿ, ಸಾಮಾನ್ಯ ಅಟೆಸ್ಟೇಷನ್‌ಗೆ ಶುಲ್ಕವಿಲ್ಲ. ಮೇಲೆ ಏಜೆನ್ಸಿಯ ನಿಗದಿತ ಸೇವಾಶುಲ್ಕ. ಹಾದಿಬದಿಯ ಬೋರ್ಡಿನವರು ಸಾವಿರಗಟ್ಟಲೆ ಕೇಳಿದರೆ ಅದರಲ್ಲಿ ಯಾವ ಹಂತಕ್ಕೆ ಎಷ್ಟು ಎಂದು ಬರೆಸಿಕೊಳ್ಳಿ. ಅಧಿಕೃತ ಏಜೆನ್ಸಿಗಳ ಪಟ್ಟಿ ಸಚಿವಾಲಯದ ಜಾಲತಾಣದಲ್ಲಿದೆ. ಸ್ಟಿಕ್ಕರ್ ಕೈಗೆ ಬಂದ ದಿನವೇ ಅದರ ಸಂಖ್ಯೆಯನ್ನು ಅಲ್ಲಿ ಹಾಕಿ ನೋಡಿ, ಏಕೆಂದರೆ ನಕಲಿ ಸ್ಟಿಕ್ಕರುಗಳೂ ಓಡಾಡುತ್ತವೆ.

ಲ್ಯಾಮಿನೇಷನ್ ಮಾಡಿಸಿದ ಮಾರ್ಕ್ಸ್ ಕಾರ್ಡಿನ ಬೆನ್ನಿಗೆ ಮೊಹರೂ ಮೂಡದು, ಸ್ಟಿಕ್ಕರೂ ಕೂರದು. ಪ್ಲಾಸ್ಟಿಕ್ ಕೀಳಲು ಹೋಗಿ ಶಾಯಿ ಎದ್ದುಬಂದರೆ ಡೂಪ್ಲಿಕೇಟ್ ಕಾರ್ಡಿಗೆ ಅರ್ಜಿ ಹಾಕುವುದೊಂದೇ ದಾರಿ. ಅನುವಾದ ಬೇಕಾದ ದೇಶಗಳಿಗೆ, ಉದಾಹರಣೆಗೆ ಫ್ರಾನ್ಸ್, ಸ್ಪೇನ್‌ಗಳಿಗೆ, ಮೊದಲು ಅಪೋಸ್ಟಿಲ್, ಆಮೇಲೆ ಆ ದೇಶದವರು ಒಪ್ಪುವ ಪ್ರಮಾಣಿತ ಅನುವಾದಕರಿಂದ ಸ್ಟಿಕ್ಕರ್ ಸಮೇತ ಅನುವಾದ. ಮೊದಲೇ ಅನುವಾದ ಮಾಡಿಸಿದರೆ ಅದರಲ್ಲಿ ಅಪೋಸ್ಟಿಲ್‌ನ ಭಾಗ ಇರುವುದಿಲ್ಲ, ಮತ್ತೆ ದುಡ್ಡು ಕೊಡಬೇಕು.

ಎದುರು ದಿಕ್ಕಿನಿಂದ ಬರುವ ಕಾಗದದ ಬಗ್ಗೆ ಒಂದು ಮಾತು. ಹೊರದೇಶದಲ್ಲಿರುವ ಮಕ್ಕಳು ಊರಿನ ಜಮೀನು, ಸೈಟಿನ ಕೆಲಸಕ್ಕೆ ಮುಖ್ತಾರ್‌ನಾಮೆ ಕಳಿಸುವಾಗ ಅಲ್ಲಿನ ಭಾರತೀಯ ದೂತಾವಾಸದ ಅಧಿಕಾರಿಯ ಮುಂದೆ ಸಹಿ ಮಾಡಿ ದೃಢೀಕರಿಸಿಕೊಳ್ಳುವುದು ಎಲ್ಲಕ್ಕಿಂತ ನಿಶ್ಚಿಂತೆ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿಯ ಬಳಿ ಮುದ್ರಾಂಕ ಶುಲ್ಕ ಕಟ್ಟಬೇಕೆಂದು ಕರ್ನಾಟಕ ಮುದ್ರಾಂಕ ಕಾಯ್ದೆಯ 18ನೇ ಕಲಂ ಹೇಳುತ್ತದೆ. ಎಂದು ತಲುಪಿತು ಎನ್ನುವುದಕ್ಕೆ ಪುರಾವೆ ಕೊರಿಯರ್ ಲಕೋಟೆ, ಬಂದ ಕೂಡಲೇ ಹರಿದು ಬಿಸಾಡಬೇಡಿ.

ಇಷ್ಟನ್ನೂ ಅರ್ಜಿದಾರರ ಮೇಲೆಯೇ ಹೊರಿಸಿ ಸರ್ಕಾರ ಸುಮ್ಮನಿರಬೇಕಿಲ್ಲ. ಕೇರಳದಲ್ಲಿ ಅನಿವಾಸಿ ಕೇರಳೀಯರಿಗಾಗಿ ಇರುವ ಸರ್ಕಾರಿ ಸಂಸ್ಥೆ ನೋರ್ಕಾ ರೂಟ್ಸ್ ಶೈಕ್ಷಣಿಕ ಪತ್ರಗಳ ದೃಢೀಕರಣವನ್ನು ತಿರುವನಂತಪುರದ ಜೊತೆಗೆ ಎರ್ನಾಕುಲಂ, ಕೋಝಿಕ್ಕೋಡ್‌ಗಳಲ್ಲೂ ನಡೆಸುತ್ತದೆ. ನಮ್ಮಲ್ಲಿ ಬೀದರಿನವರೂ ಕಾರವಾರದವರೂ ಬೆಂಗಳೂರಿಗೇ ಬರಬೇಕು, ಇಲ್ಲವೇ ಏಜೆಂಟರ ಕೈಗೆ ಮೂಲ ಪತ್ರ ಒಪ್ಪಿಸಬೇಕು. ಮೈಸೂರು, ಬೆಳಗಾವಿ, ಕಲಬುರಗಿಯಲ್ಲಿ ಪ್ರಾದೇಶಿಕ ಆಯುಕ್ತರ ಕಚೇರಿಗಳಿವೆ. ಅಲ್ಲಿ ಒಬ್ಬೊಬ್ಬ ಅಧಿಕಾರಿಗೆ ಗೃಹ ಇಲಾಖೆಯ ಈ ಅಧಿಕಾರ ಕೊಟ್ಟು, ಅವರ ಮಾದರಿ ಸಹಿಯನ್ನು ವಿದೇಶಾಂಗ ಸಚಿವಾಲಯಕ್ಕೆ ಕಳಿಸಿದರೆ ಅರ್ಧ ರಾಜ್ಯದ ಓಡಾಟ ತಪ್ಪುತ್ತದೆ. ನೋಂದಣಾಧಿಕಾರಿ, ಸಬ್ ರಿಜಿಸ್ಟ್ರಾರ್ ವರ್ಗವಾದಾಗ ಹೊಸಬರ ಮಾದರಿ ಸಹಿ ಅಧಿಕಾರ ವಹಿಸಿಕೊಂಡ ವಾರದೊಳಗೆ ಬೆಂಗಳೂರು ತಲುಪುವಂತೆ ಆದೇಶವಾಗಲಿ. ಜನನ ಪತ್ರವನ್ನು ಮುದ್ರಿಸುವ ಮುನ್ನ ಕನ್ನಡ, ಇಂಗ್ಲಿಷ್ ಎರಡರ ಕರಡನ್ನೂ ತಂದೆತಾಯಿಗೆ ತೋರಿಸಿ, ಸ್ಪೆಲ್ಲಿಂಗಿಗೆ ಅವರ ಒಪ್ಪಿಗೆ ಸಹಿ ಪಡೆಯುವ ಪದ್ಧತಿಯೂ ಬರಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಇತಿ,
ದಾಖಲೆಪತ್ರಗಳ ಕೆಲಸದಲ್ಲಿರುವ ಓದುಗರು, ಶಿವಮೊಗ್ಗ